ಲೈನಿನಲ್ಲೇ ಇದ್ದಾರೆ

ಮನೆ, ಅಡುಗೆಮನೆಯ ಮೇಜಿನಿಂದ
ನವೆಂಬರ್ ೯, ಶನಿವಾರ

ಪ್ರೀತಿಯ ನಿಮಗೆ,

ಬೆನ್ನುನೋವು ಹೇಗಿದೆ? ಎಂಜಿನ್ ಕೋಣೆಯಲ್ಲಿ ಬಗ್ಗಿ ಕೆಲಸ ಮಾಡುವಾಗ ಆ ಬೆಲ್ಟು ಕಟ್ಟಿಕೊಳ್ಳುತ್ತೀರೋ, ಇಲ್ಲ ಅದು ಪೆಟ್ಟಿಗೆಯಲ್ಲೇ ಹಾಯಾಗಿ ಮಲಗಿದೆಯೋ? ಸುಳ್ಳು ಬರೆಯಬೇಡಿ. ನೋವಿದ್ದಾಗ ನಿಮ್ಮ ಸಾಲುಗಳು ಬಲಕ್ಕೆ ಇಳಿಯುತ್ತವೆ, ನನಗೆ ಗೊತ್ತಾಗುತ್ತದೆ. ಇಲ್ಲಿ ನಾವಿಬ್ಬರೂ ಕ್ಷೇಮ. ಅತ್ತೆಯ ಎಡಗಿವಿ ಇನ್ನಷ್ಟು ಮಂದವಾಗಿದೆ. ಆದರೆ ತಮಗೆ ಬೇಕಾದ ಸುದ್ದಿಯಾದರೆ ಪಕ್ಕದ ಮನೆಯಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತದೆ. ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸವೋ ಕೆಲಸ. ಶಾಲೆಗಳಲ್ಲಿ ಕಣ್ಣಿನ ಪರೀಕ್ಷೆ ಮುಗಿದು ಮಕ್ಕಳೆಲ್ಲ ಒಟ್ಟಿಗೆ ಬಂದಿದ್ದಾರೆ. ದಿನವಿಡೀ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು, ಆಮೇಲೆ ಅದನ್ನು ಬೇಡ ಬೇಡವೆಂದು ಅಳುವ ಮೂಗುಗಳ ಮೇಲೆ ಏರಿಸುವುದು.

ನಿಮ್ಮ ಹಿಂದಿನ ಕಾಗದದಲ್ಲಿ ಎರಡು ಅಪ್ಪಣೆಗಳಿದ್ದವು. ಹಡಗು ಸದ್ಯಕ್ಕೆ ಮರಳುವುದಿಲ್ಲವಾದ್ದರಿಂದ ನಿಮ್ಮ ಟಿಕೆಟಿನಲ್ಲಿ ಅತ್ತೆಯನ್ನು ನಿಮ್ಮ ಮೆಚ್ಚಿನ ಸಂಗೀತಗಾರ್ತಿ ದೊಡ್ಡಕ್ಕನ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಬೇಕು, ಕೇಳಿದ್ದನ್ನೆಲ್ಲ ಒಂದೂ ಬಿಡದೆ ಬರೆಯಬೇಕು ಎಂಬುದು ಮೊದಲನೆಯದು. ಎರಡನೆಯದು, ಹಿಂದಿನ ಕೋಣೆಯಲ್ಲಿ ನೀವು ರಜೆಯಲ್ಲಿ ಬಂದಾಗಲೆಲ್ಲ ಕೂತು ಕಟ್ಟಿದ, ವೈರು ಚುಚ್ಚಿ ಸದ್ದು ಹುಟ್ಟಿಸುವ ಆ ಸಿಂಥಸೈಜರ್ ಯಂತ್ರವನ್ನು ಹಳೆ ವಾದ್ಯಗಳ ಅಂಗಡಿಯವನಿಗೆ ಕೊಟ್ಟುಬಿಡಬೇಕು. ಅವನು ಭಾನುವಾರ ಬೆಳಿಗ್ಗೆ ಬಂದು ಒಯ್ಯುತ್ತಾನೆ. "ಅದು ಶ್ರುತಿಯಲ್ಲಿ ನಿಲ್ಲೋದಿಲ್ಲ, ನನಗೂ ಸಾಕಾಯ್ತು, ಆ ಕೋಣೇಲಿ ನೀನು ಪುಸ್ತಕ ಇಟ್ಕೋ" ಎಂದಿದ್ದೀರಿ. ಭಾನುವಾರವೆಂದರೆ ನಾಳೆ. ಮಂಚದ ಕೆಳಗೆ, ಬೀರುವಿನ ಮೇಲೆ, ಅಕ್ಕಿ ಡಬ್ಬದ ಹಿಂದೆ ಎಂದು ನನ್ನ ಪುಸ್ತಕಗಳು ಬಾಡಿಗೆ ಮನೆ ಬದಲಿಸುತ್ತಲೇ ಇರುವುದನ್ನು ಅಷ್ಟು ದೂರ ಕೂತು ನೆನೆಸಿಕೊಂಡಿರಲ್ಲ, ಆ ಸಾಲನ್ನು ಎರಡೆರಡು ಸಲ ಓದಿದೆ. ಮರುದಿನವೇ ಕಪಾಟು ಮಾಡಿಸಲು ಗೋಡೆಯ ಅಳತೆ ತೆಗೆದು ಬಡಗಿಗೆ ಕೊಟ್ಟೂ ಬಂದೆ. ಖುಷಿಯಾಗಿತ್ತು, ಮುಚ್ಚಿಡುವುದೇನು? ಅತ್ತೆಗೆ ವಿಷಯ ತಿಳಿಸಿದಾಗ "ಅವನ ವಸ್ತು, ಅವನಿಷ್ಟ" ಎಂದು ಟೀ ಲೋಟ ತೊಳೆಯಲು ಎದ್ದುಹೋದರು. ಲೋಟ ಆಗಲೇ ತೊಳೆದಿತ್ತು.

ಮೊದಲನೆಯ ಅಪ್ಪಣೆಗೆ ಬರುತ್ತೇನೆ. ಸಭಾಂಗಣದಲ್ಲಿ ಧ್ವನಿಮುದ್ರಣಕ್ಕೆ ಅವಕಾಶವಿರಲಿಲ್ಲ, ಹಡಗಿನ ಫೋನಿನಲ್ಲಿ ಎರಡು ಮಾತು ಸೇರಿಸಿ ಆಡುವಷ್ಟರಲ್ಲಿ ಮೂರನೆಯದು ಸಮುದ್ರಕ್ಕೆ ಬೀಳುತ್ತದೆ. ಹಾಗಾಗಿ ನಿಮಗೆ ಸಿಗುವುದು ನನ್ನ ಈ ಬರಹವಷ್ಟೇ. ನಾನು ಓದುವ ಅನುವಾದದ ಕಾದಂಬರಿಗಳನ್ನು ನೀವು ಯಾವಾಗಲೂ ಗೇಲಿ ಮಾಡುತ್ತೀರಿ: "ಒಬ್ಬೊಬ್ಬರಿಗೂ ಮೂರು ಮೂರು ಹೆಸರು, ಊಟಕ್ಕೆ ಮಾತ್ರ ದಿನಾ ಬರೀ ಸೂಪು." ಇರಲಿ. ಗೊತ್ತಿಲ್ಲದ ಭಾಷೆಯಲ್ಲಿ ಯಾರೋ ಅತ್ತದ್ದನ್ನು ಇನ್ಯಾರೋ ತಂದುಕೊಟ್ಟರೆ ಇಲ್ಲಿ ಕೂತು ನಾನು ಅಳಬಲ್ಲೆನಾದರೆ, ದೊಡ್ಡಕ್ಕನ ಸದ್ದನ್ನು ನಾನು ತಂದುಕೊಟ್ಟರೆ ನೀವು ಅಲ್ಲಿ ಕೇಳಬಲ್ಲಿರಿ. ಮೂಲಕ್ಕೆ ಮೋಸವಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಳೆಯ ಹತ್ತಿ ಗೋದಾಮನ್ನೇ ಸಭಾಂಗಣ ಮಾಡಿದ್ದಾರೆ. ಗೋಡೆಯ ಇಟ್ಟಿಗೆಗೆ ಬಣ್ಣ ಬಳಿದಿಲ್ಲ, ಮೇಲೆ ಕಬ್ಬಿಣದ ತೊಲೆಗಳು, ಕೆಳಗೆ ಮಡಿಸುವ ಮರದ ಕುರ್ಚಿಗಳು. ಕಾರ್ಯಕ್ರಮ ಇದ್ದದ್ದು ಮೊನ್ನೆ ಮಧ್ಯಾಹ್ನ. ಎಪ್ಪತ್ತು ದಾಟಿದ ದೊಡ್ಡಕ್ಕ ಕತ್ತಲಾದ ಮೇಲೆ ನುಡಿಸುವುದಿಲ್ಲವಂತೆ. ಬಾಗಿಲಲ್ಲಿ ಎಲ್ಲರ ಫೋನನ್ನೂ ಬಟ್ಟೆ ಚೀಲದಲ್ಲಿ ಹಾಕಿ ಬಿಲ್ಲೆ ಕೊಡುತ್ತಿದ್ದರು. ಅತ್ತೆ ತಮ್ಮ ಫೋನು ಕೊಡುವಾಗ "ಮಗ ಸಮುದ್ರದಲ್ಲಿದ್ದಾನೆ, ಫೋನ್ ಬಂದ್ರೆ ಎತ್ತಿ ಹೇಳಪ್ಪ, ಅಮ್ಮ ಒಳಗಿದ್ದಾರೆ, ಹತ್ತು ನಿಮಿಷ ಬಿಟ್ಟು ಮಾಡು ಅಂತ" ಎಂದರು. ಅವನು ಪಾಪ, ಆಗಲಿ ಎಂದು ತಲೆಯಾಡಿಸಿದ. ನಮ್ಮದು ಎರಡನೆಯ ಸಾಲು, ನಡುವಿಗೇ. ಇಷ್ಟು ಒಳ್ಳೆಯ ಜಾಗ ಹಿಡಿಯಲು ನೀವು ಯಾವ ಬಂದರಿನಲ್ಲಿ ಯಾವ ಹೊತ್ತಿಗೆ ಎದ್ದು ಕೂತಿದ್ದಿರೋ. ಅತ್ತೆಯ ಪಕ್ಕದಲ್ಲಿ ಒಬ್ಬ ಗಡ್ಡದವನಿದ್ದ; ಬಹಳ ಮರ್ಯಾದೆಯಿಂದ ಕಿವಿಗೆ ಹತ್ತಿ ಬೇಕೇ ಎಂದು ಕೇಳಿದ. "ಊರಿನವರ ಮಾತೆಲ್ಲ ಕೇಳಿಸ್ಕೊಂಡ ಕಿವಿ ಇದು, ಹತ್ತಿ ಇಟ್ರೆ ಬೇಜಾರ್ ಮಾಡ್ಕೊಳ್ಳುತ್ತೆ" ಎಂದು ಅತ್ತೆ ತಮ್ಮ ಕುರ್ಚಿಗೆ ಮನೆಯಿಂದ ತಂದ ದಿಂಬು ಹಾಕಿಕೊಂಡರು. ನಿವೃತ್ತಿಯಾಗುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವೈರು ಚುಚ್ಚಿ ಊರಿನವರ ಕರೆ ಜೋಡಿಸುವ ಆಪರೇಟರಾಗಿದ್ದ ಹೆಂಗಸಿನ ಕಿವಿಗೆ ಹತ್ತಿ ಕೊಡುವುದುಂಟೇ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ದೊಡ್ಡಕ್ಕ ಬಂದದ್ದು ಚಪ್ಪಲಿ ಬಿಟ್ಟು, ಕಾಲುಚೀಲದಲ್ಲಿ. ನೀವು ಹೇಳುತ್ತಿದ್ದ ಹಾಗೆಯೇ, ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡಂತೆ ಬಣ್ಣಬಣ್ಣದ ವೈರುಗಳನ್ನು ಇಳಿಬಿಟ್ಟುಕೊಂಡಿದ್ದರು. ಎರಡು ಕನ್ನಡಕ: ಮೂಗಿನ ಮೇಲೊಂದು, ತಲೆಯ ಮೇಲೊಂದು. ಮೂಗಿನ ಮೇಲಿನದರ ಬಲಗಡೆಯ ಕಡ್ಡಿಯ ತಿರುಪು ಸಡಿಲವಾಗಿ, ಅವರು ಬಗ್ಗಿದಾಗಲೆಲ್ಲ ಕಡ್ಡಿ ನಡುಗುತ್ತಿತ್ತು. ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ಏನು ಮಾಡಲಿ? ಹಿಂದೆ ಅವರ ಯಂತ್ರ, ನಮ್ಮ ಬೀರುವಿನಷ್ಟು ಎತ್ತರ, ಮೈತುಂಬ ತೂತು, ತೂತಿಗೊಂದು ಪುಟ್ಟ ಕೆಂಪು ದೀಪ. ನಿಮ್ಮದು ಅದರ ತಂಗಿಯ ಹಾಗಿದೆ, ಅಷ್ಟು ಅಲಂಕಾರವಿಲ್ಲ. ಬಂದವರೇ ಮೈಕಿನಲ್ಲಿ "ಏಸಿ ಆರಿಸ್ರಪ್ಪಾ, ಚಳಿ ನನಗಲ್ಲ, ಇದಕ್ಕೆ" ಎಂದರು. ಯಾರೂ ಅಲುಗಾಡದಿದ್ದಾಗ ತಮ್ಮ ಹೆಗಲ ಮೇಲಿದ್ದ ಶಾಲು ತೆಗೆದು ಯಂತ್ರಕ್ಕೆ ಹೊದಿಸಿದರು. ಆಮೇಲೆ ಏಸಿ ನಿಂತಿತು.

ಸ್ವಲ್ಪ ಹೊತ್ತಿಗೆ ಒಂದು ಸದ್ದು ಶುರುವಾಯಿತು. ಮೇಲಿನ ಮನೆಯವರು ನಲ್ಲಿ ತಿರುಗಿಸಿದಾಗ ನಮ್ಮ ಗೋಡೆಯೊಳಗಿನ ಪೈಪು ಗುಂಯ್ ಎನ್ನುತ್ತದಲ್ಲ, ಅದೇ. ಒಮ್ಮೆ ಏರಿ ಒಮ್ಮೆ ಇಳಿದು ತನ್ನ ಜಾಗ ಹುಡುಕುತ್ತಿತ್ತು. ಗಡ್ಡದವನು ಕಣ್ಣು ಮುಚ್ಚಿ ತಲೆದೂಗಿದ. ನಾನೂ ನಿಮಗೆ ಬರೆಯಬೇಕಲ್ಲ ಎಂದು ಎರಡು ಒಳ್ಳೆಯ ಉಪಮೆಗಳನ್ನು ಹೊಂದಿಸಿಕೊಂಡೆ. ಸದ್ದು ನಿಂತಿತು, ಎಲ್ಲರೂ ಚಪ್ಪಾಳೆ ಹೊಡೆದೆವು. ದೊಡ್ಡಕ್ಕ ತಿರುಗಿ ನೋಡಿ "ಇನ್ನೂ ಶುರು ಮಾಡಿಲ್ಲ ಮಕ್ಕಳೇ, ಶ್ರುತಿ ನೋಡ್ತಿದ್ದೆ" ಎಂದರು. ಇಡೀ ಸಭೆ ತನ್ನನ್ನು ತಾನೇ ನೋಡಿ ನಕ್ಕಿತು. ನನ್ನ ಉಪಮೆಗಳು ದಂಡವಾಗಬಾರದೆಂದು ಒಂದನ್ನು ಮೇಲೆ ಬಳಸಿದ್ದೇನೆ.

ನಿಜವಾದ ಶುರು ಕಿವಿಗೆ ಬರಲಿಲ್ಲ. ಮೊದಲು ಕುರ್ಚಿಗೆ ಬಂತು, ಅಲ್ಲಿಂದ ಬೆನ್ನಿಗೆ, ಆಮೇಲೆ ನನ್ನ ಕನ್ನಡಕ ಮೂಗಿನ ಮೇಲೆ ಸಣ್ಣಗೆ ನಡುಗಿ ವೇದಿಕೆಯ ದೀಪಗಳ ಅಂಚು ಮಸುಕಾಯಿತು. ಅದರ ಮೇಲೆ ಎಳೆ ಎಳೆಯಾಗಿ ಎತ್ತರದ ಸದ್ದು, ಯಾರೋ ದೂರದ ಕೋಣೆಯಲ್ಲಿ ಗಾಜಿನ ಲೋಟಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಂತೆ. ನೀವು ಗಡ್ಡ ಬೋಳಿಸಿಕೊಳ್ಳುವಾಗ ಹಾಕುವ ಆ ಕೃತಿಯನ್ನೂ ನುಡಿಸಿದರು. ಧ್ವನಿಮುದ್ರಿಕೆಯಲ್ಲಿರುವುದಕ್ಕಿಂತ ಬಹಳ ನಿಧಾನ, ನೀವಾಗಿದ್ದರೆ ಎರಡು ಕೆನ್ನೆ ಮುಗಿಸಿ ಗಲ್ಲಕ್ಕೆ ಬರುತ್ತಿದ್ದಿರಿ. ಕೊನೆಯಲ್ಲಿ ಎಲ್ಲ ಸದ್ದೂ ಒಟ್ಟಿಗೆ ಏರುವ ಭಾಗವಿದೆಯಲ್ಲ, ನೀವು ಕತ್ತಿ ಎತ್ತಿಹಿಡಿದು ನಿಲ್ಲುವುದು, ಅದನ್ನು ಬಿಟ್ಟೇಬಿಟ್ಟರು. ಏರಬೇಕಾದಲ್ಲಿ ಒಂದೊಂದೇ ಸದ್ದನ್ನು ನಿಲ್ಲಿಸುತ್ತ ಬಂದು, ಉಳಿದ ಒಂದನ್ನು ಬಹಳ ಹೊತ್ತು ಹಿಡಿದರು. ಆ ಒಂದು ಸದ್ದು ಶ್ರುತಿಯಿಂದ ಕೂದಲೆಳೆಯಷ್ಟು ಜಾರಿತು. ನನ್ನಂಥವಳಿಗೂ ತಿಳಿಯಿತು. ಅವರು ಸರಿಪಡಿಸಲು ಹೋಗಲಿಲ್ಲ. ಕೈಕಟ್ಟಿ ನಿಂತು, ಎಲ್ಲಿಗೆ ಹೋಗುತ್ತದೋ ನೋಡೋಣವೆಂಬಂತೆ ಕೇಳುತ್ತಿದ್ದರು.

ಈಗ ನೀವು ಕಾಯುತ್ತಿರುವ ಭಾಗ. ಪ್ರತಿ ಕಾರ್ಯಕ್ರಮದಲ್ಲೂ ಅವರು ಕೂತವರಲ್ಲಿ ಒಬ್ಬರನ್ನು ಕರೆದು, ಬೇಕಾದ ತೂತಿಗೆ ಒಂದು ವೈರು ಚುಚ್ಚಲು ಹೇಳುತ್ತಾರೆ, ಬಂದ ಸದ್ದನ್ನು ಹಿಡಿದುಕೊಂಡೇ ಮುಂದೆ ನುಡಿಸುತ್ತಾರೆ. "ನನ್ನನ್ನು ಕರೆದ್ರೆ ಮೂರನೇ ಸಾಲು, ಎಡಮೂಲೆ" ಎಂದು ನೀವು ನಮ್ಮ ಮದುವೆಯಾದಂದಿನಿಂದ ಹೇಳುತ್ತಲೇ ಬಂದಿದ್ದೀರಿ. ನಿಮ್ಮ ಬದಲಿಗೆ ನಾನು ಹೋಗಿ ಚುಚ್ಚಬೇಕೆಂದು ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ದೊಡ್ಡಕ್ಕ ಯಾರು ಬರುತ್ತೀರಿ ಎಂದು ಕೇಳಿದಾಗ ನಾನು ಕೈ ಎತ್ತಲೋ ಬೇಡವೋ ಎನ್ನುವಷ್ಟರಲ್ಲಿ, ಅತ್ತೆ ಜಾರಿದ ದಿಂಬನ್ನು ಸರಿಮಾಡಿಕೊಳ್ಳಲು ಎದ್ದರು. "ಬನ್ನಿ ಅಕ್ಕಾ!" ಎಂದರು ದೊಡ್ಡಕ್ಕ. ಅತ್ತೆ ಹಿಂದೆ ನೋಡಿದರು, ಪಕ್ಕ ನೋಡಿದರು, ಆಮೇಲೆ ದಿಂಬನ್ನು ಗಡ್ಡದವನ ತೊಡೆಯ ಮೇಲಿಟ್ಟು ಹೊರಟೇಬಿಟ್ಟರು. ನಾನು "ಮೂರನೇ ಸಾಲು, ಎಡಮೂಲೆ" ಎಂದು ಪಿಸುಗುಟ್ಟಿದ್ದು ಅವರ ಎಡಗಿವಿಗೆ. ಕಲ್ಲಿಗೆ ಹೇಳಿದ ಹಾಗಾಯಿತು.

ವೈರು ಕೈಗೆ ಬಂದದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು. ಒಂದು ತುದಿಯನ್ನು ದೀಪ ಹತ್ತಿದ್ದ ತೂತಿಗೆ, ಇನ್ನೊಂದನ್ನು ಕೆಳಗಿನ ಸಾಲಿಗೆ, ನೋಡದೆಯೇ ಚುಚ್ಚಿದರು. ಆಹಾ ಎನ್ನುವಂಥ ಸದ್ದು ಬಂತು. ಸೀಟಿಯೂ ಅಲ್ಲ, ಹಾಡೂ ಅಲ್ಲ, ಕೆಟಲಿನಲ್ಲಿ ನೀರು ಕುದಿಯುವ ಮೊದಲು ಯೋಚನೆ ಮಾಡುತ್ತದಲ್ಲ, ಹಾಗೆ. ಸಭೆ ಚಪ್ಪಾಳೆ ತಟ್ಟಿತು. ಅಷ್ಟಕ್ಕೆ ಇಳಿದು ಬರಬೇಕಿತ್ತು. ಬರಲಿಲ್ಲ. ಕೈ ಕಿವಿಯ ಹತ್ತಿರ ಹೋಯಿತು, ಇಲ್ಲದ ಹೆಡ್‌ಸೆಟ್ಟನ್ನು ಸರಿಪಡಿಸಿಕೊಂಡು ಅಲ್ಲೇ ನಿಂತರು. ಯಂತ್ರದ ದೀಪಗಳು ಸದ್ದಿನ ಜೊತೆ ಹತ್ತಿ ಆರುತ್ತಿದ್ದವು. ಅವರ ವೈರಿನ ಎರಡೂ ತುದಿಯ ದೀಪಗಳು ಒಮ್ಮೆಲೇ ಹತ್ತಿದವು ನೋಡಿ, ಅತ್ತೆ ಟಪ್ಪನೆ ವೈರು ಕಿತ್ತರು. ಕೈ ಅಲ್ಲಿಗೂ ನಿಲ್ಲಲಿಲ್ಲ. ಎಲ್ಲೆಲ್ಲಿ ದೀಪ ಜೋಡಿಯಾಗಿ ಹತ್ತಿತ್ತೋ ಅಲ್ಲೆಲ್ಲ ಟಪ್, ಟಪ್, ಟಪ್. ದೊಡ್ಡಕ್ಕ ಇಡೀ ಮಧ್ಯಾಹ್ನ ಕಟ್ಟಿದ್ದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ ಮಾಡಿ, ವೈರುಗಳನ್ನು ಅಚ್ಚುಕಟ್ಟಾಗಿ ತೋಳಿಗೆ ಹಾಕಿಕೊಂಡು, ಪೂರ್ತಿ ನಿಶ್ಶಬ್ದವಾದ ಸಭೆಗೆ "ಮಾತು ಮುಗೀತು" ಎಂದು ಘೋಷಿಸಿದರು.

ನನಗೆ ಕೂತಲ್ಲೇ ನೆಲ ಬಾಯಿ ತೆರೆಯಬಾರದೇ ಅನಿಸಿತು. ಅತ್ತೆಗೂ ಆಗ ಎಚ್ಚರವಾಯಿತು. ಮುಖ ಸಣ್ಣದಾಗಿ, "ಅಯ್ಯೋ, ಎರಡೂ ಲೈಟ್ ಹತ್ತಿತ್ತಲ್ಲ... ಇಬ್ರೂ ಫೋನ್ ಇಟ್ಟಿದ್ದಾರೆ ಅಂತ..." ಎಂದು ತೊದಲಿದರು. ದೊಡ್ಡಕ್ಕ ಮೂಗಿನ ಕನ್ನಡಕ ತೆಗೆದು, ತಲೆಯದನ್ನು ಇಳಿಸಿಕೊಂಡು ಅವರನ್ನು ಸರಿಯಾಗಿ ನೋಡಿದರು. "ಎಕ್ಸ್‌ಚೇಂಜಾ?" ಎಂದರು. ಅತ್ತೆ ತಲೆಯಾಡಿಸಿದರು. ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೈಕಿನಲ್ಲಿ ಆ ನಗು ಗೋದಾಮೆಲ್ಲ ಉರುಳಾಡಿತು. ಆಮೇಲೆ ಹೇಳಿದ ಮಾತನ್ನು ನಿಮಗೆ ಇದ್ದ ಹಾಗೇ ಬರೆಯುತ್ತೇನೆ: "ಯಾರೂ ಫೋನ್ ಇಟ್ಟಿಲ್ಲ ಅಕ್ಕಾ. ಪಾರ್ಟಿಗಳಿಬ್ರೂ ಲೈನಲ್ಲೇ ಇದ್ದಾರೆ. ಇನ್ನೊಂದ್ ಸಲ ಕನೆಕ್ಟ್ ಮಾಡಿ."

ಮಾಡಿದರು. ಎಲ್ಲಿಂದ ಕಿತ್ತಿದ್ದರೋ ಅಲ್ಲಿಗೇ ಅಲ್ಲ. ದೀಪ ನೋಡಿಕೊಂಡು, ತಮ್ಮ ಲೆಕ್ಕದಲ್ಲಿ. ಒಂದೊಂದು ವೈರಿಗೂ ಹೊಸ ಸದ್ದು ಏಳುತ್ತಿತ್ತು, ದೊಡ್ಡಕ್ಕ ಪಕ್ಕದಲ್ಲಿ ನಿಂತು ನಾಬು ತಿರುಗಿಸಿ ಒಂದನ್ನು ಬಗ್ಗಿಸಿ, ಒಂದನ್ನು ಸವರಿ, ಒಂದಕ್ಕೆ ಸುಮ್ಮನಿರು ಎಂದು ಗದರಿ, ಎಲ್ಲವನ್ನೂ ಒಂದು ಮನೆಯವರನ್ನಾಗಿ ಮಾಡುತ್ತ ಹೋದರು. ಇದು ನಿಮ್ಮ ಯಾವ ಮುದ್ರಿಕೆಯಲ್ಲೂ ಇಲ್ಲ, ಇನ್ನು ಮುಂದೆ ಇರುವುದೂ ಇಲ್ಲ. ಬಹಳ ಜನ ಬೇರೆ ಬೇರೆ ಕೋಣೆಗಳಲ್ಲಿ ಕೂತು ಒಟ್ಟಿಗೇ ಮಾತಾಡುತ್ತಿರುವ ಹಾಗೆ, ಮಾತು ತಿಳಿಯದಿದ್ದರೂ ಎಲ್ಲರೂ ಚೆನ್ನಾಗಿದ್ದಾರೆಂದು ಮಾತ್ರ ತಿಳಿಯುವ ಹಾಗೆ. ಇದಕ್ಕಿಂತ ಚೆನ್ನಾಗಿ ನನ್ನಿಂದ ಅನುವಾದ ಆಗದು. ಅತ್ತೆಯನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿ, "ಮುಗಿದಾಗ ನಾನೇ ಹೇಳ್ತೀನಿ, ಅಲ್ಲಿವರೆಗೂ ಕೈ ಮಡಿಲಲ್ಲಿ" ಎಂದರು ದೊಡ್ಡಕ್ಕ. ಅತ್ತೆ ಎರಡೂ ಕೈಯನ್ನು ಒಂದರೊಳಗೊಂದು ಬಿಗಿಯಾಗಿ ಹಿಡಿದು ಕೂತರು. ಕೊನೆಯಲ್ಲಿ ಸನ್ನೆ ಸಿಕ್ಕಿತು. ಒಂದೊಂದೇ ವೈರು ಹೊರಬಂತು, ಒಂದೊಂದೇ ಸದ್ದು ಹೋಯಿತು. ಕೊನೆಯ ವೈರಿನ ಮುಂದೆ ಅತ್ತೆ ತಡೆದರು, ದೊಡ್ಡಕ್ಕನ ಕಡೆ ನೋಡಿದರು, ಅವರೂ ಕಾದರು. ಆಮೇಲೆ ಕಿತ್ತರು. ಗಡ್ಡದವನು ನಮ್ಮ ದಿಂಬನ್ನು ಎದೆಗವಚಿಕೊಂಡು ಅಳುತ್ತಿದ್ದ.

ಮುಗಿದ ಮೇಲೆ ವೇದಿಕೆಯ ಅಂಚಿಗೆ ಬಂದು ಕೂತ ದೊಡ್ಡಕ್ಕನ ಸುತ್ತ ಜನ ಸೇರಿದರು. ನನಗೆ ಹೇಳಲು ತುಂಬ ಇತ್ತು, ಆದರೆ ಬಾಯಿಗಿಂತ ಮೊದಲು ಕೈ ಚೀಲಕ್ಕೆ ಹೋಯಿತು. ನನ್ನ ಸ್ವಭಾವ ನಿಮಗೆ ಗೊತ್ತು. ಚೀಲದಲ್ಲಿ ಅಂಗಡಿಯ ಪುಟ್ಟ ಸ್ಕ್ರೂಡ್ರೈವರ್ ಇತ್ತು. "ಆ ಕನ್ನಡಕ ಕೊಡ್ತೀರಾ" ಎಂದು ಕೇಳಿ ಇಸಿದುಕೊಂಡು ತಿರುಪು ಬಿಗಿ ಮಾಡಿ, ಗಾಜು ಒರೆಸಿ ಕೊಟ್ಟೆ. ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿ "ಅಬ್ಬಾ, ಎಷ್ಟು ದಿನದಿಂದ ಲೋಕವೇ ನಡುಗ್ತಿದೆ ಅಂದ್ಕೊಂಡಿದ್ದೆ" ಎಂದರು. ನಿಮ್ಮ ಪರವಾಗಿಯೂ ಬಿಗಿ ಮಾಡಿದೆ ಎಂದುಕೊಳ್ಳಿ. ಅತ್ತೆ ಮಾತ್ರ ಸಂಕೋಚವಿಲ್ಲದೆ ಕೇಳಿಯೇಬಿಟ್ಟರು: "ನಮ್ಮ ಮಗನೂ ಒಂದು ಮಾಡಿದ್ದಾನೆ, ಇಂಥದ್ದೇ. ಅದು ಶ್ರುತಿ ಬಿಡುತ್ತಂತೆ. ಏನ್ ಮಾಡ್ಬೇಕು?" ದೊಡ್ಡಕ್ಕ "ನಂದೂ ಬಿಡುತ್ತೆ. ಅದರ ಜೊತೆ ನಾನೂ ಬಿಡ್ತೀನಿ" ಎಂದರು. "ಮುಂಚೇನೇ ಸ್ವಿಚ್ ಹಾಕಿ, ಟೀ ಕುಡಿದು ಬರಬೇಕು. ತಣ್ಣಗಿರೋ ಮಷೀನಿನ ಹತ್ರ ಯಾರೂ ನ್ಯಾಯ ಕೇಳಬಾರದು" ಎಂದೂ ಸೇರಿಸಿದರು. ನೀವು ಸ್ವಿಚ್ ಹಾಕಿದ ಕೂಡಲೇ ಶ್ರುತಿ ಅಳೆಯಲು ಮೀಟರು ಹಿಡಿದು ಕೂರುತ್ತಿದ್ದುದು ನೆನಪಾಯಿತು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಇಳಿಯುವ ನಿಲ್ದಾಣ ಬಂದಾಗ, ಬೇರೆ ಯಾವುದೋ ವಿಷಯವೆಂಬಂತೆ, "ಭಾನುವಾರ ಬರೋನು ಎಷ್ಟೊತ್ತಿಗೆ ಬರ್ತಾನೆ?" ಎಂದು ಕೇಳಿದರು. ಬೆಳಿಗ್ಗೆ ಎಂದೆ. "ಹೂಂ" ಎಂದರು.

ಈ ಟಿಕೆಟಿಗಾಗಿ ನಿಮಗೆ ನಾನು ಋಣಿ. ನಿಮ್ಮ ಸಂಗೀತವನ್ನು ಇಷ್ಟು ವರ್ಷ ಗೋಡೆಯ ಆಚೆಯಿಂದ ಕೇಳಿದ್ದೆ, ಕೈಯಲ್ಲಿನ ಪುಸ್ತಕ ಮುಚ್ಚದೆ. ಮೊನ್ನೆ ಮೊದಲ ಸಲ ಕೋಣೆಯೊಳಗೆ ಹೋದ ಹಾಗಾಯಿತು. ಅಲ್ಲಿ ನೀವೂ ಇದ್ದಿರಿ, ಅತ್ತೆಯೂ ಇದ್ದರು. ಬೆಲ್ಟು ಕಟ್ಟಿಕೊಳ್ಳಿ. ಹಡಗಿನ ಅಡುಗೆಯವನಿಗೆ ನನ್ನ ನಮಸ್ಕಾರ ಹೇಳಿ, ನಿಮಗೆ ಉಪ್ಪು ಕಡಿಮೆ ಹಾಕಲು ಹೇಳಿ. ಸಮುದ್ರ ನಿಮ್ಮೆಲ್ಲರ ಮೇಲೂ ದಯೆಯಿಟ್ಟಿರಲಿ. ಅತ್ತೆ ಆಶೀರ್ವಾದ ಹೇಳಿದ್ದಾರೆ, ಕಾಗದ ಕೊಟ್ಟರೆ ತಾವೇ ಬರೆಯುತ್ತೇನೆಂದು ಹೆದರಿಸುತ್ತಲೂ ಇದ್ದಾರೆ.

ನಿಮ್ಮ
ಅಡಿಟಿಪ್ಪಣಿ
(ನೀವಿಟ್ಟ ಹೆಸರು; ಈ ಕಾಗದ ಓದಿದ ಮೇಲೆ ಹಿಂದೆಗೆದುಕೊಳ್ಳಲಾರಿರಿ.)

ಮ.ವಿ. — ಭಾನುವಾರ ಬೆಳಿಗ್ಗೆ, ಟಪಾಲಿಗೆ ಹಾಕುವ ಮುಂಚೆ, ಅವಸರದಲ್ಲಿ. ಹಳೆ ವಾದ್ಯಗಳ ಅಂಗಡಿಯವನು ಗಾಡಿ ತಂದು ಕರೆಗಂಟೆ ಒತ್ತಿದ. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅತ್ತೆ ಬಾಗಿಲು ತೆಗೆದು, ಅವನು ಬಾಯಿಬಿಡುವ ಮೊದಲೇ "ರಾಂಗ್ ನಂಬರ್" ಎಂದು ಮುಚ್ಚಿಬಿಟ್ಟರು. ಹೊರಗೆ ಹೋಗಿ ಅವನ ಕ್ಷಮೆ ಕೇಳಿ, ಕೊಡುವುದಿಲ್ಲವೆಂದು ನಾನೇ ಹೇಳಿ ಕಳಿಸಿದೆ. ಒಳಗೆ ಬಂದಾಗ ಅತ್ತೆ ನಿಮ್ಮ ಯಂತ್ರದ ಮುಂದೆ ಕೂತಿದ್ದರು. ಹೋದ ವರ್ಷ ಆ ಬಿರುಗಾಳಿಯಲ್ಲಿ ನಿಮ್ಮ ಸುದ್ದಿಯೇ ಇಲ್ಲದ ದಿನಗಳಲ್ಲಿ, ನಾನು ಅಂಗಡಿಗೆ ಹೋದ ಮೇಲೆ ದಿನವೂ ಅದರ ಸ್ವಿಚ್ ಹಾಕಿ ಮುಂದೆ ಕೂರುತ್ತಿದ್ದರಂತೆ. "ಒಂದೇ ಲೈಟ್ ಉರೀತಿದ್ರೆ ಯಾರೋ ಲೈನಲ್ಲಿ ಕಾಯ್ತಿದ್ದಾರೆ ಅಂತ ಕಣೇ, ನಮ್ಮ ಕಡೆ ಹಾಗೇ" ಎಂದರು. ಬಡಗಿಗೆ ಫೋನ್ ಮಾಡಿ ಹೇಳಿದ್ದೇನೆ, ಕಪಾಟು ನಡುಕೋಣೆಯ ಗೋಡೆಗೆ ಬರುತ್ತದೆ, ಸ್ವಲ್ಪ ಚಿಕ್ಕದು, ಸಾಕು. ನೀವು ಬಂದಾಗ ಯಂತ್ರ ಇಲ್ಲೇ ಇರುತ್ತದೆ, ಇನ್ನು ಮಾರುವ ಮಾತೆತ್ತಬೇಡಿ. ಈಗ ಅದು ಬೆಚ್ಚಗಾಗುತ್ತಿದೆ, ನಾವು ಟೀ ಕುಡಿಯುತ್ತಿದ್ದೇವೆ. ಅತ್ತೆ ದೀಪ ಹತ್ತಿದ ತೂತಿಗೆ ಒಂದು ವೈರು ಚುಚ್ಚಿದ್ದಾರೆ. ಇನ್ನೊಂದು ತುದಿ ಮೂರನೆಯ ಸಾಲು, ಎಡಮೂಲೆ, ನಾನು ಹೇಳಿದೆ, ಈ ಸಲ ಬಲಗಿವಿಗೆ. ಎರಡೂ ದೀಪ ಹತ್ತಿದರೂ ನೀವು ಬಂದು ಕೇಳುವವರೆಗೆ ಕೀಳುವುದಿಲ್ಲವಂತೆ.